ಕ್ರಿಯಾಟಿನಿನ್ ಏರಿತೆಂದು ಮಾತ್ರೆ ಬಿಡುವ ಮುನ್ನ

ಶುಗರ್ ಇರುವವರ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.2 ಅಂತ ಬಂದರೆ ಮನೆಮಂದಿಗೆಲ್ಲ ನಿರಾಳ. ಅದೇ 1.2 ಅನ್ನು, ವಯಸ್ಸು ಲಿಂಗ ಸೇರಿಸಿ ಕಿಡ್ನಿ ಎಷ್ಟು ಸೋಸುತ್ತಿದೆಯೆಂದು ಅಂದಾಜಿಸುವ 2021ರ ಸಿಕೆಡಿ-ಇಪಿಐ ಸೂತ್ರಕ್ಕೆ ಹಾಕಿ ನೋಡಿ. 25ರ ಹುಡುಗನಿಗೆ ಇಜಿಎಫ್‌ಆರ್, ಅಂದರೆ ಆ ಅಂದಾಜು, ಸುಮಾರು 86 ಬರುತ್ತದೆ, 60ರ ಹೆಂಗಸಿಗೆ 52. ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ನಿಂತರೆ ಅದಕ್ಕೆ ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುವ ಕಸ. ಮೈಯಲ್ಲಿ ಸ್ನಾಯು ಕಡಿಮೆ ಇರುವವರಲ್ಲಿ ಕಿಡ್ನಿ ಅರ್ಧ ಸೋತರೂ ಕ್ರಿಯಾಟಿನಿನ್ ಏರದೆ ಸುಮ್ಮನಿರಬಲ್ಲದು.

ಶುಗರ್ ಇರುವವರಲ್ಲಿ ಈ ಕಾಯಿಲೆ ಶುರುವಾಗುವುದು ಕಿಡ್ನಿಯ ಸೋಸುವ ರಕ್ತನಾಳಗಳೊಳಗಿನ ಒತ್ತಡದಿಂದ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ, ಪ್ರತಿಯೊಂದರ ತಲೆಯಲ್ಲೂ ಗ್ಲಾಮೆರುಲಸ್ ಎಂಬ ರಕ್ತನಾಳಗಳ ಉಂಡೆ. ಎಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಸೋಸಿದ್ದರಲ್ಲಿರುವ ಸಕ್ಕರೆಯನ್ನು ಕೆಳಗಿನ ನಾಳ ಬಾಚಿ ವಾಪಸ್ ಕಳಿಸುತ್ತದೆ. ಆ ಕೆಲಸದ ಬಹುಪಾಲು ಎಸ್‌ಜಿಎಲ್‌ಟಿ2 ಎಂಬ ಪ್ರೋಟೀನಿನದು, ಅದು ಸಕ್ಕರೆಯ ಜೊತೆಗೆ ಸೋಡಿಯಂ ಅನ್ನೂ ಎಳೆದುಕೊಳ್ಳುತ್ತದೆ. ಶುಗರ್ ಏರಿದಾಗ ಹೀಗೆ ಎಳೆಯುವುದೂ ಏರಿ, ನಾಳದ ಮುಂದಿನ ಭಾಗಕ್ಕೆ ತಲುಪುವ ಸೋಡಿಯಂ ಇಳಿಯುತ್ತದೆ. ಅಲ್ಲಿ ಕಾವಲಿರುವ ಜೀವಕೋಶಗಳು ಸೋಸುವಿಕೆಯೇ ಕಮ್ಮಿಯಾಗಿದೆಯೆಂದು ಮೋಸಹೋಗಿ, ಗ್ಲಾಮೆರುಲಸ್‌ಗೆ ರಕ್ತ ತರುವ ನಾಳವನ್ನು ಅಗಲಿಸುತ್ತವೆ. ಒಳಗಿನ ಒತ್ತಡ ಏರುತ್ತದೆ. ಹಾಗಾಗಿ ಮೊದಮೊದಲು ಇಜಿಎಫ್‌ಆರ್ ಹೆಚ್ಚೇ ಕಾಣಬಹುದು, ಅದನ್ನು ನೋಡಿ ಖುಷಿಪಡುವಂತಿಲ್ಲ. ಜರಡಿಯ ಹೊರಮೈ ಹಿಡಿದಿರುವ ಪೋಡೋಸೈಟ್‌ಗಳು ಆ ಒತ್ತಡಕ್ಕೆ ಕಳಚಿ ಮೂತ್ರದಲ್ಲಿ ಹೋಗುತ್ತವೆ. ಉದುರಿದವುಗಳ ಜಾಗ ತುಂಬುವುದು ತೀರಾ ಕಷ್ಟ. ರಕ್ತದ ಪ್ರೋಟೀನಾದ ಆಲ್ಬುಮಿನ್ ಮೂತ್ರಕ್ಕೆ ಸೋರತೊಡಗುತ್ತದೆ, ಕ್ರಮೇಣ ಗ್ಲಾಮೆರುಲಸ್ ಗಟ್ಟಿಯಾಗಿ ಮುಚ್ಚಿಹೋಗುತ್ತದೆ.

ಈ ಸೋರಿಕೆ ಸಿಗುವುದು ಮೂತ್ರದ ಎಸಿಆರ್ (ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ) ಪರೀಕ್ಷೆಯಲ್ಲಿ. ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಆಲ್ಬುಮಿನ್‌ಗಿಂತ ಕಡಿಮೆ ಇದ್ದರೆ ಸರಿ, 300 ದಾಟಿದರೆ ಗಂಭೀರ. ಬೆಳಗಿನ ಮೊದಲ ಮೂತ್ರ ಕೊಡುವುದು ಒಳ್ಳೆಯದು. ಜ್ವರ, ಮೂತ್ರದ ಸೋಂಕು, ಮುಟ್ಟು, ಹಿಂದಿನ ದಿನದ ಜೋರು ವ್ಯಾಯಾಮ, ಇವೆಲ್ಲ ಅಂಕಿಯನ್ನು ಸುಮ್ಮನೆ ಏರಿಸುತ್ತವೆ. ಆದ್ದರಿಂದ ಮೂರರಿಂದ ಆರು ತಿಂಗಳೊಳಗೆ ಮತ್ತೆ ಮಾಡಿಸಿ, ಮೂರರಲ್ಲಿ ಎರಡು ಸಲ ಹೆಚ್ಚಿದ್ದರೆ ಮಾತ್ರ ಲೆಕ್ಕ. ಮೂತ್ರದಲ್ಲಿ ನೊರೆ ಬರಲೆಂದು ಕಾಯುತ್ತಾ ಕೂರಬೇಡಿ, ಅಷ್ಟರಲ್ಲಿ ಕಾಯಿಲೆ ಮುಂದೆ ಹೋಗಿರುತ್ತದೆ.

ಔಷಧಿಗಳಲ್ಲಿ ಹಳೆಯವು ರಾಮಿಪ್ರಿಲ್, ಲೋಸಾರ್ಟನ್, ಟೆಲ್ಮಿಸಾರ್ಟನ್ ಗುಂಪು. ಇವು ಗ್ಲಾಮೆರುಲಸ್‌ನಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತವೆ. ಈಚಿನ ದೊಡ್ಡ ಬದಲಾವಣೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳದು. ಎಸ್‌ಜಿಎಲ್‌ಟಿ2 ಅನ್ನೇ ತಡೆದು, ಒಳಬರುವ ನಾಳವನ್ನು ಮತ್ತೆ ಬಿಗಿಸುತ್ತವೆ. ದಿನಕ್ಕೊಂದು 10 ಮಿಲಿಗ್ರಾಂ ಮಾತ್ರೆ, ಇಜಿಎಫ್‌ಆರ್ 20ಕ್ಕೆ ಇಳಿದಿದ್ದರೂ ಶುರು ಮಾಡಬಹುದು. 2020ರ ಡಾಪಾ-ಸಿಕೆಡಿ ಅಧ್ಯಯನದಲ್ಲಿ ಕಿಡ್ನಿ ಅರ್ಧದಷ್ಟು ಕುಸಿಯುವುದು, ಪೂರ್ತಿ ಸೋಲುವುದು, ಕಿಡ್ನಿ ಅಥವಾ ಹೃದಯದ ಕಾರಣದ ಸಾವು, ಇವೆಲ್ಲ ಸೇರಿದ ಅಪಾಯ 39% ಇಳಿಯಿತು. ಶುಗರ್ ಇಲ್ಲದವರಿಗೂ ಲಾಭ ಸಿಕ್ಕಿತು. ಭಾರತದಲ್ಲಿ ಡಾಪಾದ ಮೂಲ ಪೇಟೆಂಟ್ 2020ರಲ್ಲಿ, ಎಂಪಾದ್ದು 2025ರಲ್ಲಿ ಮುಗಿದದ್ದರಿಂದ ಬೆಲೆಯೂ ಇಳಿದಿದೆ. ಸಕ್ಕರೆ ಕಾಯಿಲೆಯವರಲ್ಲಿ ಆಲ್ಬುಮಿನ್ ಇನ್ನೂ ಸೋರುತ್ತಿದ್ದರೆ ಫಿನೆರೆನೋನ್ ಎಂಬ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಅದನ್ನೂ ಎಂಪಾವನ್ನೂ ಒಟ್ಟಿಗೆ ಶುರುಮಾಡಿದಾಗ ಆರು ತಿಂಗಳಲ್ಲಿ ಸೋರಿಕೆ ಸುಮಾರು ಅರ್ಧಕ್ಕೆ ಇಳಿದದ್ದು 2025ರ ಕಾನ್ಫಿಡೆನ್ಸ್ ಅಧ್ಯಯನದಲ್ಲಿ ಕಂಡಿತು. ಶುಗರ್‌ಗೆ ವಾರಕ್ಕೊಂದು ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್‌ಗೂ 2024ರ ಫ್ಲೋ ಅಧ್ಯಯನದ ಬೆಂಬಲವಿದೆ.

ಎಡವಟ್ಟಾಗುವುದು ಇಲ್ಲಿ. ಮಾತ್ರೆ ಶುರುಮಾಡಿದ ಎರಡು-ನಾಲ್ಕು ವಾರಕ್ಕೆ ಕ್ರಿಯಾಟಿನಿನ್ ತುಸು ಏರುತ್ತದೆ. 'ಕಿಡ್ನಿ ಮಾತ್ರೆಯೇ ಕಿಡ್ನಿ ಹಾಳುಮಾಡ್ತಿದೆ' ಅಂತ ಯಾರೋ ಹೇಳುತ್ತಾರೆ, ಮಾತ್ರೆ ನಿಲ್ಲುತ್ತದೆ. ಒಳಗಿನ ಒತ್ತಡ ಇಳಿದರೆ ಸೋಸುವುದೂ ಇಳಿಯಲೇಬೇಕಲ್ಲ! 30%ವರೆಗಿನ ಏರಿಕೆಗೆ ಸಾಮಾನ್ಯವಾಗಿ ಮಾತ್ರೆ ಬಿಡಿಸುವುದಿಲ್ಲ. ಅದನ್ನು ದಾಟಿದರೆ ಮೈಯಲ್ಲಿ ನೀರು ಕಮ್ಮಿಯಾಗಿದೆಯೇ, ಕಿಡ್ನಿಯ ರಕ್ತನಾಳ ಕಿರಿದಾಗಿದೆಯೇ, ನೋವಿನ ಮಾತ್ರೆ ನುಂಗಿದ್ದಾರೆಯೇ ಅಂತ ಡಾಕ್ಟರು ಹುಡುಕುತ್ತಾರೆ. ಬಿಪಿಗೆ ಟೆಲ್ಮಿಸಾರ್ಟನ್, ಊತಕ್ಕೆ ನೀರಿಳಿಸುವ ಮಾತ್ರೆ, ಮೇಲೆ ಮಂಡಿನೋವಿಗೆ ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್: ಈ ಮೂರು ಸೇರಿದರೆ ಚೆನ್ನಾಗಿದ್ದ ಕಿಡ್ನಿಯೂ ದಿನಗಳಲ್ಲೇ ಕುಸಿಯಬಹುದು.

ರಕ್ತದ ಪೊಟ್ಯಾಸಿಯಂ ಇನ್ನೊಂದು ಕಾಟ. ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ, ಫಿನೆರೆನೋನ್ ಎರಡೂ ಅದನ್ನು ಏರಿಸುತ್ತವೆ; 5.5 ದಾಟಿದರೆ ಫಿನೆರೆನೋನ್ ನಿಲ್ಲಿಸುತ್ತಾರೆ. ಬಿಪಿಗೆ ಒಳ್ಳೆಯದೆಂದು ತರುವ ಲೋ ಸೋಡಿಯಂ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಇರುವುದೇ ಪೊಟ್ಯಾಸಿಯಂ. ಈ ಮಾತ್ರೆಗಳನ್ನು ನುಂಗುವವರಿಗೆ ಮಾಮೂಲಿ ಉಪ್ಪನ್ನೇ ದಿನಕ್ಕೆ 5 ಗ್ರಾಂ ಒಳಗೆ ಇಡುವುದು ಕ್ಷೇಮ, ಉಪ್ಪಿನಕಾಯಿ ಹಪ್ಪಳದ್ದನ್ನೂ ಸೇರಿಸಿ.

ಡಾಪಾ, ಎಂಪಾ ನುಂಗುವವರಿಗೆ ಜನನಾಂಗದಲ್ಲಿ ಫಂಗಸ್ ತುರಿಕೆ ಬರಬಹುದು, ನೀರಿನಲ್ಲಿ ತೊಳೆದು ಒಣಗಿಸಿಕೊಂಡರೆ ಬಹುಪಾಲು ತಪ್ಪುತ್ತದೆ. ವಾಂತಿ-ಭೇದಿ, ಊಟವೇ ಸೇರದ ಜ್ವರ, ನಿರಾಹಾರದ ಏಕಾದಶಿಯಂಥ ದಿನಗಳಲ್ಲಿ ಮಾತ್ರೆ ತಡೆಹಿಡಿಯಬೇಕು, ಆಪರೇಷನ್‌ಗೆ ಮೂರು ದಿನ ಮುಂಚಿನಿಂದಲೂ. ಇಲ್ಲದಿದ್ದರೆ ಶುಗರ್ 200ರೊಳಗೇ ಇದ್ದು ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಆಗಬಹುದು. ಗ್ಲುಕೋಮೀಟರ್ ಅದನ್ನು ತೋರಿಸುವುದಿಲ್ಲ. ಮೂತ್ರದಲ್ಲಿ ಶುಗರ್ ನಾಲ್ಕು ಪ್ಲಸ್ ಬಂದರೆ ಗಾಬರಿ ಬೇಡ, ಸಕ್ಕರೆಯನ್ನು ಮೂತ್ರಕ್ಕೆ ಬಿಡುವುದೇ ಈ ಮಾತ್ರೆಯ ಕೆಲಸ.