ಟಿಕೆಟ್ ತೆಗೆಸಿ ಬಸ್ ಹತ್ತಿಸಬೇಡಿ

ನಮ್ಮ ಕಡೆ ಬಸ್ ಸ್ಟ್ಯಾಂಡಿನಲ್ಲಿ ಸಣ್ಣ ಹುಡುಗ ಒಬ್ಬನೇ ಕೂತಿದ್ದರೆ ಜನ ನೋಡಿಯೂ ನೋಡದಂತೆ ಹೋಗುವುದಿಲ್ಲ. "ಊಟ ಆತೇನಪಾ ತಮ್ಮಾ, ಯಾವೂರು?" ಅಂತ ಒಬ್ಬರಾದರೂ ಕೇಳುತ್ತಾರೆ. ಪೂರಿ ಭಾಜಿ ಕೊಡಿಸುತ್ತಾರೆ. ಆಮೇಲೆ ನಾಲ್ಕು ಜನ ಸೇರಿ ದುಡ್ಡು ಹಾಕಿ, ಟಿಕೆಟ್ ತೆಗೆಸಿ, "ಇವನ್ನ ಇಂಡಿಗೆ ಇಳಿಸ್ರಿ" ಅಂತ ಕಂಡಕ್ಟರ್‌ಗೆ ಹೇಳಿ ಬಸ್ ಹತ್ತಿಸಿಬಿಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ನನಗೆ ಇದೇ ದೊಡ್ಡ ಚಿಂತೆ. ಯಾಕಂದ್ರೆ ಎಷ್ಟೋ ಸಲ ಆ ಊರಲ್ಲಿ ಅವನ ಮನೆಗೆ ಕೀಲಿ ಹಾಕಿರುತ್ತದೆ.

ವಿಜಯಪುರ, ಬಾಗಲಕೋಟೆ ಕಡೆಯ ತಾಂಡಾಗಳಿಂದ ಮನೆಮಂದಿ ಗುಳೆ ಹೋಗುವುದು ಹೊಸದೇನಲ್ಲ. ಕೆಲವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಕೆಲವರು ಗೋವಾ, ಮಂಗಳೂರಿಗೆ ಕಟ್ಟಡ ಕೆಲಸಕ್ಕೆ. ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟಿರುತ್ತಾರೆ. ಅಜ್ಜಿಗೆ ಆರಾಮಿಲ್ಲದಾಗ, ಇಲ್ಲವೇ ಅವ್ವನ ನೆನಪು ತಡೆಯಲಾರದೆ, ಹುಡುಗ ತಾನೇ ಹೊರಟುಬಿಡುತ್ತಾನೆ. ಅವನು ಮನೆ ಬಿಟ್ಟು ಓಡಿಬಂದಿಲ್ಲ, ಮನೆಯವರನ್ನು ಹುಡುಕಿಕೊಂಡು ಹೊರಟಿದ್ದಾನೆ. ಅವನನ್ನು ರಾತ್ರಿ ಎರಡು ಗಂಟೆಗೆ ಇಂಡಿಯಲ್ಲಿ ಇಳಿಸಿದರೆ ಅಲ್ಲಿ ಯಾರಿದ್ದಾರೆ?

ಬೆಳಗಾವಿ ರೈಲ್ವೆ ಸ್ಟೇಷನ್‌ನಲ್ಲಿ ಸಿಕ್ಕ ಒಬ್ಬ ಹುಡುಗ "ಅವ್ವ ಗೋವಾದಾಗ ಅದಾಳ್ರಿ" ಅಂದ. ಗೋವಾದಲ್ಲಿ ಎಲ್ಲಪ್ಪಾ ಅಂದರೆ, "ದೊಡ್ಡ ಬಿಲ್ಡಿಂಗ್ ಕಟ್ಟಾಕತ್ತಾರ್ರಿ, ಬಾಜೂಕ ಗುಡಿ ಐತ್ರಿ." ಶಾಲೆಯ ಚೀಲದಲ್ಲಿ ಎರಡು ಅಂಗಿ, ಒಂದು ನೋಟ್‌ಬುಕ್. ಅದರ ರಟ್ಟಿನ ಒಳಗೆ ಫೋನ್ ನಂಬರ್ ಬರೆದಿತ್ತು, ನೀರು ತಾಗಿ ಕೊನೆಯ ಅಂಕಿ ಅಳಿಸಿಹೋಗಿತ್ತು. ಕೊನೆಗೆ ದಾರಿ ತೋರಿಸಿದ್ದು ಅವನ ತಾಂಡಾದ ಅಂಗನವಾಡಿ ಟೀಚರ್. ಅವರಿಗೆ ಫೋನ್ ಹಚ್ಚಿದ ಮೇಲೆ ಅವರು ಒಬ್ಬರನ್ನು, ಆ ಒಬ್ಬರು ಇನ್ನೊಬ್ಬರನ್ನು ಕೇಳಿ, ಮರುದಿನ ಸಂಜೆ ಹೊತ್ತಿಗೆ ಅವನ ಅಪ್ಪನ ಧ್ವನಿ ಕೇಳಿಸಿತು. ಅಲ್ಲಿಯವರೆಗೆ ಹುಡುಗ ಇಂಥ ಮಕ್ಕಳನ್ನು ಇರಿಸುವ ಸರ್ಕಾರಿ ಬಾಲಮಂದಿರದಲ್ಲಿದ್ದ. ಚೀಲ ಮಾತ್ರ ಯಾರ ಕೈಗೂ ಕೊಡಲಿಲ್ಲ, ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದ.

ಹಾಗಾದರೆ ಏನು ಮಾಡಬೇಕು? 1098ಕ್ಕೆ ಫೋನ್ ಮಾಡಿ. 1996ರಲ್ಲಿ ಮುಂಬೈಯಲ್ಲಿ ಶುರುವಾದ ಮಕ್ಕಳ ಸಹಾಯವಾಣಿ ಇದು, ಈಗ ಸರ್ಕಾರವೇ ನಡೆಸುತ್ತಿದೆ. ಆ ನಂಬರ್ ಸಿಗದಿದ್ದರೆ 112. ರೈಲಿನಲ್ಲಿದ್ದರೆ 139, ಇಲ್ಲವೇ ಅಲ್ಲೇ ಇರುವ ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಸಿಬ್ಬಂದಿ. ಫೋನ್ ಮಾಡಿ ಹೋಗಿಬಿಡಬೇಡಿ, ಅವರು ಬರುವವರೆಗೆ ಜೊತೆಗೇ ಕೂತಿರಿ. ಜಾಸ್ತಿ ಪ್ರಶ್ನೆ ಕೇಳಬೇಡಿ. ಸುತ್ತ ಹತ್ತು ಜನ ನಿಂತು ವಿಚಾರಣೆ ಶುರು ಮಾಡಿದರೆ ಮಗು ಹೆದರಿ ಸುಳ್ಳು ಹೆಸರು ಹೇಳುತ್ತದೆ, ಆಮೇಲೆ ಊರು ಹುಡುಕುವುದೇ ಕಷ್ಟ. ಇಷ್ಟರಲ್ಲಿ ಯಾರಾದರೂ ಬಂದು "ನಮ್ಮ ಹುಡುಗರೀ, ನಾ ಇವನ ಮಾಮಾ" ಅಂದರೂ ಕೈಗೆ ಕೊಡಬೇಡಿ. ನಿಜವಾದ ಮಾಮಾ ಆಗಿದ್ದರೆ ಅಧಿಕಾರಿಗಳ ಮುಂದೆ ಹೇಳಲಿ. ಹೋಟೆಲಿಗೆ, ಕೆಲಸಕ್ಕೆ ಹುಡುಗರನ್ನು ಹುಡುಕುವವರೂ ಅದೇ ಸ್ಟೇಷನ್‌ನಲ್ಲಿ ಓಡಾಡುತ್ತಾರೆ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಮಗುವಿನ ಫೋಟೋ ತೆಗೆದು "ಈ ಬಾಲಕ ಸಿಕ್ಕಿದ್ದಾನೆ, ಎಲ್ಲ ಗ್ರೂಪಿಗೂ ಕಳಿಸಿ" ಅಂತ ವಾಟ್ಸಾಪ್‌ಗೆ ಹಾಕಬೇಡಿ. ಎಲ್ಲ ಮಕ್ಕಳೂ ಅವ್ವನನ್ನು ಹುಡುಕಿಕೊಂಡು ಹೊರಟವರಲ್ಲ. ಕೆಲವರು ಹೊಡೆತ ತಾಳದೆ, ಕೆಲವರು ಮಾಲೀಕನ ಕೈಯಿಂದ ತಪ್ಪಿಸಿಕೊಂಡು ಬಂದಿರುತ್ತಾರೆ. ಯಾರಿಗೆ ಹೆದರಿ ಮಗು ಓಡಿಬಂತೋ ಅವನಿಗೇ ವಿಳಾಸ ಕೊಟ್ಟಂತೆ ಆಗುತ್ತದೆ, ಅಲ್ವಾ? 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೀಗೆ ಮಗುವಿನ ಗುರುತು ಬಯಲು ಮಾಡುವುದನ್ನು ತಡೆಯುತ್ತದೆ, ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಅದೇ ಕಾಯ್ದೆ ಪ್ರಕಾರ ಮಗುವನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗುವನ್ನು ಯಾರ ಜೊತೆ ಕಳಿಸಬೇಕು ಅನ್ನುವುದನ್ನು ತೀರ್ಮಾನಿಸುವುದು ಆ ಸಮಿತಿ. ಬೇರೆ ಜಿಲ್ಲೆಯ, ಬೇರೆ ರಾಜ್ಯದ ಮಗುವಾದರೆ ಅಲ್ಲಿನ ಸಮಿತಿಯನ್ನು ಕೇಳಿ, ಜೊತೆಗೆ ಆಳು ಕೊಟ್ಟು ಕಳಿಸುತ್ತಾರೆ. ಹುಡುಗಿಯಾದರೆ ಮಹಿಳಾ ಪೊಲೀಸ್ ಜೊತೆಗಿರಲೇಬೇಕು. "ಇಷ್ಟೆಲ್ಲಾ ಯಾಕ್ರೀ, ಸೀದಾ ಮನೆಗೆ ಬಿಡಬಾರದೇ" ಅಂತ ಬಹಳ ಜನ ಕೇಳುತ್ತಾರೆ. ಯಾಕೆ ಹೊರಟ ಅಂತ ವಿಚಾರಿಸದೆ ಬಿಟ್ಟರೆ ಮುಂದಿನ ತಿಂಗಳು ಅದೇ ಹುಡುಗ ಅದೇ ಪ್ಲಾಟ್‌ಫಾರ್ಮ್‌ನಲ್ಲಿ ಸಿಗುತ್ತಾನೆ. ಇದನ್ನು ಕಣ್ಣಾರೆ ಕಂಡಿದ್ದೇನೆ. ಮನೆ ಪರಿಸ್ಥಿತಿ ನೋಡಬೇಕು, ಅಜ್ಜಿಗೆ ಪಿಂಚಣಿ ಬರುತ್ತಿದೆಯಾ, ಹತ್ತಿರದಲ್ಲಿ ಹಾಸ್ಟೆಲ್ ಸಿಗುತ್ತದಾ ನೋಡಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ.

ತಾಂಡಾ ಶಾಲೆಯ ಮಾಸ್ತರರೇ, ಟೀಚರೇ, ನಿಮ್ಮಲ್ಲಿ ಒಂದು ವಿನಂತಿ. ಈ ಸಲ ಜನ ಗುಳೆ ಹೊರಡುವ ಮೊದಲು ಪ್ರತಿ ಮಗುವಿನ ಹೆಸರಿನ ಮುಂದೆ ಅಪ್ಪ ಅಥವಾ ಅವ್ವನದು ಒಂದು, ಕೆಲಸಕ್ಕೆ ಕರೆದೊಯ್ಯುವ ಮುಕಾದಮನದು ಒಂದು, ಹೀಗೆ ಎರಡು ಫೋನ್ ನಂಬರ್, ಹೋಗುವ ಊರಿನ ಹೆಸರು ಬರೆದಿಟ್ಟುಕೊಳ್ಳಿ. ಮಗುವಿಗೂ ಒಂದು ನಂಬರ್ ಬಾಯಿಪಾಠ ಮಾಡಿಸಿ.