ಒಲೆ ಎರಡು ದಿನದ ಕೆಲಸ, ಹೊಗೆ ಪೈಪು ಎರಡು ವಾರದ್ದು

ಹೋದ ಚಳಿಗಾಲದಲ್ಲಿ ಕ್ಯಾಂಪಿಂಗ್ ಟ್ರೇಲರ್ ಎಳೆದುಕೊಂಡು ಬೆಟ್ಟದ ಕಡೆ ಹೋಗಿದ್ದೆವು. ಬೆಚ್ಚಗಿರಲೆಂದು ಒಯ್ದದ್ದು ಹೊಗೆ ಪೈಪಿಲ್ಲದ ಸಣ್ಣ ಗ್ಯಾಸ್ ಹೀಟರ್. ಎರಡನೇ ದಿನ ಬೆಳಿಗ್ಗೆ ಹೆಂಡತಿ ತಟ್ಟಿ ಎಬ್ಬಿಸಿದಳು. "ರೀ, ಗೋಡೆ ಬೆವರ್ತಿದೆ ನೋಡಿ." ಹಾಸಿಗೆಯ ಅಂಚು, ಕಿಟಕಿ ಪರದೆ, ಕಪಾಟಿನೊಳಗಿನ ಬಟ್ಟೆ ಎಲ್ಲವೂ ತೇವ. ಒಂದು ಕೆಜಿ ಪ್ರೊಪೇನ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತದೆ. ಪೈಪಿಲ್ಲದ ಹೀಟರಿನಲ್ಲಿ ಅಷ್ಟೂ ಒಳಗೇ ಉಳಿಯುತ್ತದೆ. ಸೌದೆ ಉರಿದರೂ ಆವಿ ಬರುತ್ತದೆ, ಆದರೆ ಅದು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಹಾಗಾಗಿ ಈ ಸಲ ಸೌದೆ ಒಲೆ ನಾನೇ ಮಾಡಿಕೊಂಡೆ. ಅದೇ ಜಾಗ, ಐದು ರಾತ್ರಿ, ಬೆಳಗಿನ ಜಾವಕ್ಕೆ ಸೊನ್ನೆ ಡಿಗ್ರಿಯ ಆಸುಪಾಸು. ಇಂಥದ್ದೇ ಪ್ರವಾಸಕ್ಕೆ ಹೊರಡುವ ಯೋಚನೆ ನಿಮಗಿದ್ದರೆ ನಮ್ಮ ತಪ್ಪುಗಳು ಉಪಯೋಗಕ್ಕೆ ಬರಬಹುದು.

ಮೊದಲ ತಪ್ಪು ಅಳತೆಯದು. ನಾನು ಮೊದಲು ಮಾಡಿದ ಒಲೆ ತುಂಬಾ ದೊಡ್ಡದಾಯಿತು. 12 ಅಡಿ ಉದ್ದದ ಟ್ರೇಲರಿನಲ್ಲಿ ಹತ್ತಿಸಿ ನೋಡಿದರೆ ಅರ್ಧ ಗಂಟೆಗೆ ಬಾಗಿಲು ತೆಗೆದು ಹೊರಗೆ ಓಡಬೇಕಾಯಿತು. ಸೆಕೆ ಕಡಿಮೆಯಾಗಲಿ ಅಂತ ಗಾಳಿಯ ಬಾಯಿ ಮುಚ್ಚಿದರೆ ಬೆಂಕಿ ಉಸಿರು ಕಟ್ಟಿ ಬರೀ ಹೊಗೆ. ಹಾಗೆ ಹೊಗೆಯಾಡುವ ಬೆಂಕಿಯೇ ಪೈಪಿನೊಳಗೆ ಟಾರು ಕಟ್ಟಿಸುವುದು. ದೊಡ್ಡ ಒಲೆಯನ್ನು ಅದುಮಿ ಉರಿಸುವುದಕ್ಕಿಂತ ಚಿಕ್ಕ ಒಲೆಯನ್ನು ಚೆನ್ನಾಗಿ ಉರಿಸುವುದೇ ಮೇಲು. ಎರಡನೆಯದು 30 ಸೆಂಟಿಮೀಟರ್ ಆಳ, 20 ಅಗಲ, 25 ಎತ್ತರ. 4 ಮಿಲಿಮೀಟರ್ ದಪ್ಪದ ಸಾದಾ ಉಕ್ಕಿನ ತಗಡು. ಕಾಲು, ಬಾಗಿಲು ಸೇರಿ 14 ಕೆಜಿ ಆಯಿತು. ನಮಗೆ ಇದು ಸಾಕೋ ಸಾಕು.

ಹಳೇ ಗ್ಯಾಸ್ ಸಿಲಿಂಡರ್ ಕೊಯ್ದು ಒಲೆ ಮಾಡುವವರು ಬಹಳ ಜನ ಇದ್ದಾರೆ. ನಾನು ಆ ಕಡೆ ಹೋಗಲಿಲ್ಲ. ಖಾಲಿ ಅಂದುಕೊಂಡ ಸಿಲಿಂಡರಿನಲ್ಲಿ ಉಳಿದ ಗ್ಯಾಸು ಗ್ರೈಂಡರಿನ ಕಿಡಿಗೆ ಸಿಡಿಯಬಹುದು. ಸತು ಬಳಿದ ಜಿಐ ತಗಡು, ಜಿಐ ಪೈಪು ಕೂಡ ಬೇಡ. ಸತು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ, 907ಕ್ಕೆ ಕುದಿಯುತ್ತದೆ. ಜಿಐ ತಗಡು ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಕುಡಿದರೆ ಅಂದೇ ಸಂಜೆ ಜ್ವರ, ನಡುಕ ಬರುತ್ತದೆ. ವೆಲ್ಡಿಂಗ್ ಮಾಡುವವರನ್ನು ಕೇಳಿ, ಹೇಳುತ್ತಾರೆ.

ಪೆಟ್ಟಿಗೆ ಮಾಡುವುದರಲ್ಲಿ ಅಂಥ ವಿದ್ಯೆ ಏನಿಲ್ಲ. ತಳಕ್ಕೆ ಮತ್ತು ಮೂರು ಬದಿಗೆ ಬೆಂಕಿಯ ಶಾಖ ತಡೆಯುವ ಇಟ್ಟಿಗೆಯ ಸೀಳು ಜೋಡಿಸಿದೆ. ಬಾಗಿಲ ಅಂಚಿಗೆ ಶಾಖ ತಡೆಯುವ ಫೈಬರ್ ಗ್ಲಾಸ್ ಹಗ್ಗ, ಅದರ ಕೆಳಗೆ ಹಿಂದೆ ಮುಂದೆ ಸರಿಯುವ ಗಾಳಿ ಕಿಂಡಿ. ಒಂದು ಮಾತ್ರ ಬಿಡಬೇಡಿ: ಒಳಗೆ ಮೇಲ್ಭಾಗದಲ್ಲಿ ಒಂದು ಅಡ್ಡ ತಗಡು ಇಡಿ. ಅದು ಇಲ್ಲದಿದ್ದರೆ ಜ್ವಾಲೆ ನೇರ ಪೈಪಿಗೆ ನುಗ್ಗಿ ಶಾಖವೆಲ್ಲ ಆಕಾಶಕ್ಕೆ. ಇದ್ದರೆ ಹೊಗೆ ಮುಂದಕ್ಕೆ ಬಂದು, ಸುತ್ತಿ, ಆಮೇಲೆ ಹೋಗುತ್ತದೆ. ಬಣ್ಣ ಬಳಿದ ಮೇಲೆ ಮೊದಲ ಎರಡು ಮೂರು ಬೆಂಕಿ ಬಯಲಿನಲ್ಲೇ ಹಾಕಿ. ಬಣ್ಣ ಸುಟ್ಟು ಗಟ್ಟಿಯಾಗುವ ವಾಸನೆಯನ್ನು ಹಾಸಿಗೆಗೆ ಹತ್ತಿಸಿಕೊಂಡರೆ ವಾರವಾದರೂ ಬಿಡುವುದಿಲ್ಲ.

ಇಷ್ಟಕ್ಕೆ ಎರಡು ದಿನ ಹಿಡಿಯಿತು. ಜೀವ ಹಿಂಡಿದ್ದು ಪೈಪು.

3 ಇಂಚಿನ ಪೈಪು, ಒಲೆಯ ತಲೆಯಿಂದ ತುದಿಯವರೆಗೆ ಸುಮಾರು 2.2 ಮೀಟರ್. ಚಾವಣಿಯ ಮೇಲಿನ ತುಂಡನ್ನು ಪ್ರಯಾಣದಲ್ಲಿ ಬಿಚ್ಚಿಡುತ್ತೇವೆ, ತೂತಿಗೆ ಮುಚ್ಚಳ ಹಾಕುತ್ತೇವೆ. ಪೈಪು ಚಾವಣಿ ದಾಟುವ ಕಡೆ ಒಂಟಿ ಪೈಪು ಬಿಡಲೇಬಾರದು. ನಡುವೆ ಶಾಖ ತಡೆಯುವ ತುಂಬು ಇರುವ ಜೋಡಿ ಗೋಡೆಯ ಪೈಪೇ ಆಗಬೇಕು, ಅದರ ಸುತ್ತ ಮರ ಇರಬಾರದು. ನಾನು ತೂತು ಕೊರೆದಾಗ ಪ್ಲೈವುಡ್ಡಿನ ಕೆಳಗೆ ಒಂದು ವೈರು, ಒಂದು ಅಡ್ಡ ಪಟ್ಟಿ ಸಿಕ್ಕಿದವು. ವೈರು ಸರಿಸಿದೆ, ಪಟ್ಟಿಗಾಗಿ ಒಲೆಯ ಜಾಗವನ್ನೇ ನಾಲ್ಕು ಇಂಚು ಬದಲಿಸಬೇಕಾಯಿತು. ಮೊದಲು ಒಳಗಿನಿಂದ ಸಣ್ಣ ತೂತು ಮಾಡಿ ನೋಡಿ, ಆಮೇಲೆ ದೊಡ್ಡದಕ್ಕೆ ಕೈ ಹಾಕಿ.

ಗೋಡೆಯಿಂದ ಎಷ್ಟು ದೂರ? ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 211ನೇ ಮಾನದಂಡದ ಪ್ರಕಾರ, ಪರೀಕ್ಷೆಯಾಗದ ಇಂಥ ಒಲೆಗೂ ಉರಿಯುವ ಗೋಡೆಗೂ ನಡುವೆ 36 ಇಂಚು ಇರಬೇಕು. ಟ್ರೇಲರಿನಲ್ಲಿ ಅಷ್ಟು ಜಾಗ ಎಲ್ಲಿ ತರೋದು? ಗೋಡೆಗೆ 1 ಇಂಚು ಬಿಟ್ಟು, ಮೇಲೆ ಕೆಳಗೆ ಗಾಳಿ ಆಡುವಂತೆ ತಗಡು ನಿಲ್ಲಿಸಿದರೆ ಅದು 12 ಇಂಚಿಗೆ ಇಳಿಯುತ್ತದೆ. ಕೆಲಸ ಮಾಡುವುದು ಆ ಒಂದು ಇಂಚಿನ ಗಾಳಿ. ತಗಡನ್ನು ನೇರ ಗೋಡೆಗೆ ಮೊಳೆ ಹೊಡೆದರೆ ಏನೂ ಪ್ರಯೋಜನ ಇಲ್ಲ. ನೆಲಕ್ಕೂ ಹಾಗೇ, ಬೆಂಕಿಯೇ ಹಿಡಿಯದ ಹಾಸು ಇರಲಿ, ಬಾಗಿಲ ಮುಂದೆ ಒಂದೂವರೆ ಅಡಿ ಚಾಚಿರಲಿ. ಕೆಂಡ ಬೀಳುವುದು ಅಲ್ಲಿಗೇ.

ಇನ್ನೊಂದು ಪ್ರಶ್ನೆ ಹೆಂಡತಿ ಕೇಳಿದ್ದು, ನನಗೆ ಹೊಳೆದೇ ಇರಲಿಲ್ಲ. "ಒಲೆಗೇ ಬೆಂಕಿ ಹತ್ತಿದ್ರೆ ನಾವು ಎಲ್ಲಿಂದ ಓಡೋದು?" ನಮ್ಮ ಒಲೆ ಹಾಸಿಗೆಗೂ ಬಾಗಿಲಿಗೂ ಮಧ್ಯೆ ಇತ್ತು. ಹಾಸಿಗೆ ಪಕ್ಕದ ಕಿಟಕಿ ಪೂರ್ತಿ ತೆರೆಯುತ್ತದೆಯೇ, ನಮ್ಮ ಮೈ ಅದರಲ್ಲಿ ತೂರುತ್ತದೆಯೇ ಅಂತ ಹಗಲಲ್ಲೇ ತೂರಿ ನೋಡಿದೆವು. ನನ್ನ ಹೊಟ್ಟೆ ಕಷ್ಟಪಟ್ಟು ದಾಟಿತು. ಬೆಂಕಿ ಆರಿಸುವ ಸಿಲಿಂಡರನ್ನು ಒಲೆ ಪಕ್ಕ ಇಡದೆ ಬಾಗಿಲ ಪಕ್ಕ ಇಟ್ಟೆವು.

ಹೋಗುವ ದಾರಿ ಸುಮಾರು ಆರು ಗಂಟೆ. ಇಳಿದು ನೋಡಿದರೆ ಕುಲುಕಾಟಕ್ಕೆ ಪೈಪಿನ ಎರಡು ಸೇರುವೆ ಸಡಿಲವಾಗಿದ್ದವು. ಪ್ರತಿ ಸೇರುವೆಗೆ ಮೂರು ಸ್ಕ್ರೂ ಹಾಕಿ, ಒಲೆಯ ಕಾಲು ನೆಲಕ್ಕೆ ಬೋಲ್ಟ್ ಮಾಡಿ, ತಲುಪಿದ ಮೇಲೆ ಎಲ್ಲವನ್ನೂ ಒಮ್ಮೆ ಕೈಯಲ್ಲಿ ಅಲ್ಲಾಡಿಸಿ. ಬೆಂಕಿ ಇರುವಾಗ ಗಾಡಿ ಕದಲಿಸಲೇಬಾರದು, ಇದನ್ನು ಹೇಳಬೇಕಾಗಿಲ್ಲ ಅಲ್ವಾ?

ಮೊದಲ ರಾತ್ರಿ ಸ್ವರ್ಗ. ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ಸೌದೆ ಹಾಕಿದರೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಸಂಜೆ ಪೂರ್ತಿಗೆ ಐದು ಕೆಜಿ. ರಾತ್ರಿಯಿಡೀ ಉರಿಯುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ, ಇಷ್ಟು ಚಿಕ್ಕ ಒಲೆಗೆ ಅದು ಆಗದ ಮಾತು.

ಎರಡನೇ ರಾತ್ರಿ ಅಡುಗೆ ಆವಿ ಹೋಗಲಿ ಅಂತ ಚಾವಣಿಯ ಎಕ್ಸಾಸ್ಟ್ ಫ್ಯಾನ್ ಹಾಕಿದೆ. ಒಂದೇ ನಿಮಿಷ. ಒಲೆಯ ಗಾಳಿ ಕಿಂಡಿಯಿಂದ ಹೊಗೆ ಹೊರಗೆ ನಾಲಿಗೆ ಚಾಚಿತು. ಕಿಟಕಿಗಳೆಲ್ಲ ಮುಚ್ಚಿದ್ದವು, ಫ್ಯಾನಿಗೆ ಗಾಳಿ ಬೇಕು, ಅದು ಪೈಪಿನಿಂದಲೇ ಕೆಳಕ್ಕೆ ಎಳೆಯಿತು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಿರುಚಿತು. ಫ್ಯಾನ್ ಆರಿಸಿ, ಬಾಗಿಲು ತೆಗೆದು, ಕಂಬಳಿ ಹೊದ್ದು ಹೊರಗೆ ನಿಂತೆವು. ಈ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕಂಡದ್ದು ನಮ್ಮ ಪುಣ್ಯ. ಜ್ವಾಲೆ ಸತ್ತು ಕೆಂಡ ಮಾತ್ರ ಉಳಿದಾಗ ಹೊಗೆ ಕಾಣುವುದಿಲ್ಲ, ಅನಿಲ ಮಾತ್ರ ಬರುತ್ತಲೇ ಇರುತ್ತದೆ. ಅಷ್ಟರಲ್ಲಿ ಪೈಪೂ ತಣ್ಣಗಾಗಿ ಎಳೆತ ಕಡಿಮೆಯಾಗಿರುತ್ತದೆ. ಅದಕ್ಕೇ ನಾವು ಕೆಂಡ ಪೂರ್ತಿ ಬೂದಿಯಾಗುವವರೆಗೆ ಒಬ್ಬರು ಎದ್ದಿರುತ್ತೇವೆ, ಆಮೇಲೆ ದಪ್ಪ ಹೊದಿಕೆಯೇ ಗತಿ. ಮಲಗುವ ಎತ್ತರಕ್ಕೆ ಒಂದು ಅಲಾರಂ ಇಲ್ಲದೆ, ಒಲೆ ಹತ್ತಿರ ಹೊರಗಿನ ಗಾಳಿಗೆ ಒಂದು ಕಿಂಡಿ ಇಲ್ಲದೆ ಈ ಕೆಲಸಕ್ಕೆ ಹೋಗಲೇಬೇಡಿ. ನಾವು ಮೂರನೇ ದಿನ ನೆಲದಲ್ಲಿ 2 ಇಂಚಿನ ತೂತು ಕೊರೆದು ಬಲೆ ಹಾಕಿದೆವು.

ಮೂರನೇ ದಿನವೇ ಒಯ್ದ ಸೌದೆ ಮುಗಿಯಿತು. ಅಲ್ಲೇ ಕೊಂಡ ಸೌದೆ ನೋಡಲು ಚೆನ್ನಾಗಿತ್ತು, ಎರಡು ತುಂಡು ಬಡಿದರೆ ಮಾತ್ರ "ಡಬ್" ಅಂತ ಮಂಕು ಸದ್ದು. ಒಣಗಿದ್ದಾದರೆ "ಟಣ್" ಅನ್ನಬೇಕು, ತುದಿಯಲ್ಲಿ ಬಿರುಕು ಕಾಣಬೇಕು. ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ನಾವು ಸುಮ್ನೆ ಹಾಕಿದೆವು. ಸೌದೆಯ ತುದಿಯಲ್ಲಿ ನೊರೆ ಗುಳುಗುಳು ಅಂತು, ಶಾಖ ಇಲ್ಲ. ಮಾರನೇ ಬೆಳಿಗ್ಗೆ ಪೈಪಿನ ಹೊರಮೈ ಮೇಲೆ ಕಾಫಿ ಡಿಕಾಕ್ಷನ್ ಬಣ್ಣದ ಎರಡು ಗೆರೆ ಇಳಿದಿದ್ದವು. ಮುಟ್ಟಿದರೆ ಅಂಟು, ಸುಟ್ಟ ಟಾರಿನ ನಾತ. ತಪ್ಪು ಸೌದೆಯದು ಮಾತ್ರ ಅಲ್ಲ, ನನ್ನದೂ ಹೌದು. ಪೈಪು ಉಲ್ಟಾ ಜೋಡಿಸಿದ್ದೆ. ಮೇಲಿನ ತುಂಡಿನ ಕಿರಿದಾದ ತುದಿ ಕೆಳಗಿನದರ ಒಳಗೆ ಕೂರಬೇಕು, ಆಗ ಟಾರು ಒಳಗೇ ಇಳಿದು ಒಲೆಯಲ್ಲಿ ಉರಿದುಹೋಗುತ್ತದೆ. ಕೆಳಗಿನದು ಮೇಲಿನದರೊಳಗೆ ಹೋದರೆ ಹೊರಗೆ ಸೋರುತ್ತದೆ. ಹೊಗೆ ಒಳಗಿನಿಂದ ಮೇಲಕ್ಕೆ ಹೋಗೋದರಿಂದ ಇದು ತಲೆಕೆಳಗು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಚಾವಣಿ ಹತ್ತಿ ಎಲ್ಲ ಬಿಚ್ಚಿ, ಬ್ರಷ್ಷಿನಿಂದ ಉಜ್ಜಿ, ತಿರುಗಿಸಿ ಹಾಕುವಷ್ಟರಲ್ಲಿ ಮಧ್ಯಾಹ್ನ ಆಯಿತು.

ಬೂದಿಯ ವಿಷಯ ಚಿಕ್ಕದು, ಆದರೆ ಮರೆಯಬೇಡಿ. ಆರಿದಂತೆ ಕಾಣುವ ಬೂದಿಯೊಳಗೆ ಮರುದಿನವೂ ಕೆಂಡ ಇರಬಹುದು. ಮುಚ್ಚಳ ಇರುವ ಲೋಹದ ಬಕೆಟ್‌ಗೆ ತುಂಬಿ ಹೊರಗೆ, ಕಲ್ಲಿನ ಮೇಲೆ ಇಡಿ. ಹೊರಡುವ ಮೊದಲೇ ಆ ಜಾಗದಲ್ಲಿ ಬೆಂಕಿಗೆ ಅನುಮತಿ ಇದೆಯೇ, ನಿಮ್ಮ ಗಾಡಿಯ ವಿಮೆ ಕೈಯಾರೆ ಮಾಡಿದ ಒಲೆಯನ್ನು ಒಪ್ಪುತ್ತದೆಯೇ ಅಂತ ಕೇಳಿಕೊಳ್ಳಿ.

ಕೊನೆಯ ಎರಡು ರಾತ್ರಿ ಗೋಡೆ ಬೆವರಲಿಲ್ಲ. ಒದ್ದೆ ಸಾಕ್ಸ್ ಒಲೆಯಿಂದ ಮೂರಡಿ ದೂರದ ದಾರದ ಮೇಲೆ ಒಂದು ಗಂಟೆಗೆ ಒಣಗಿತು. ವಾಪಸ್ ಬಂದ ಮೇಲೆ ಪೈಪಿನ ಕೆಳಭಾಗಕ್ಕೆ ಥರ್ಮಾಮೀಟರ್ ಅಂಟಿಸಿದ್ದೇನೆ. ಹೊಗೆ 120 ಡಿಗ್ರಿಗಿಂತ ತಣ್ಣಗಾದರೆ ಟಾರು ಕಟ್ಟುತ್ತದೆ, ಆ ಗೆರೆ ಎಲ್ಲಿದೆ ಅಂತ ಕಣ್ಣಿಗೆ ಕಾಣಬೇಕು. ಮುಂದಿನ ಪ್ರವಾಸಕ್ಕೆ 30 ಕೆಜಿ ಒಣ ಸೌದೆ ಈಗಲೇ ಸೀಳಿ ನೆರಳಲ್ಲಿ ಜೋಡಿಸಿಟ್ಟಾಗಿದೆ. ಹೆಂಡತಿ ಆಗಾಗ ಎರಡು ತುಂಡು ಬಡಿದು ಸದ್ದು ಕೇಳಿ ನೋಡುತ್ತಿರುತ್ತಾಳೆ.