ಮಕ್ಕಳಿಗೆ "ಯಾರ ಮುಂದೂ ಹೇಳಲ್ಲ" ಅಂತ ಮಾತು ಕೊಡಬೇಡಿ

ನಾನು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ತಪ್ಪು ಮಾಡಿದೆ. ಹೊಸದಾಗಿ ಕೆಲಸಕ್ಕೆ ಸೇರುವವರು ಅದನ್ನು ಮಾಡದಿರಲಿ ಅಂತ ಬರೆಯುತ್ತಿದ್ದೇನೆ.

ಹತ್ತಿ ಬಿಡಿಸುವ ಕಾಲ ಅದು. ನಮ್ಮ ಕಡೆ ಆಗ ಕ್ಲಾಸಿನಲ್ಲಿ ಮಕ್ಕಳೇ ಇರುವುದಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಹದಿನೈದು ದಿನ ಬಿಟ್ಟು ಬಂದಳು. ಕಾಯಿಯ ಸಿಪ್ಪೆ ಗೀರಿ ಬೆರಳ ತುದಿಯೆಲ್ಲ ಒಡೆದಿತ್ತು. ಬಿಸಿಯೂಟ ಮುಗಿಸಿ, ತೊಳೆದ ತಟ್ಟೆಯನ್ನು ಹಾಗೇ ಎದೆಗೆ ಅವಚಿಕೊಂಡು ನನ್ನ ಹತ್ತಿರ ನಿಂತಳು. ಯೂನಿಫಾರ್ಮ್ ಒದ್ದೆಯಾಗುತ್ತಿದ್ದರೂ ಅವಳಿಗೆ ಗೊತ್ತಿಲ್ಲ.

"ಮೇಡಂ, ಒಂದು ಮಾತು ಹೇಳ್ತೀನ್ರಿ, ಯಾರ ಮುಂದೂ ಹೇಳಬ್ಯಾಡ್ರಿ."

"ಇಲ್ಲಮ್ಮ, ಹೇಳಲ್ಲ" ಅಂದುಬಿಟ್ಟೆ. ತಪ್ಪು ಆದದ್ದು ಅಲ್ಲೇ.

ಸೋದರಮಾವನ ಜೊತೆ ಮದುವೆ ಗೊತ್ತಾಗಿತ್ತು. ಅವಳಿಗಿನ್ನೂ ಹದಿನೈದು.

18 ತುಂಬದ ಹುಡುಗಿಯ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಅಪರಾಧ. 2016ರಲ್ಲಿ ನಮ್ಮ ರಾಜ್ಯ ತಂದ ತಿದ್ದುಪಡಿ ಪ್ರಕಾರ ಅಂಥ ಮದುವೆ ಮದುವೆಯೇ ಅಲ್ಲ. ಇಷ್ಟು ಗೊತ್ತಿದ್ದು ಸುಮ್ನೆ ಇರೋದು ಹೇಗೆ? ಸಂಜೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಮದುವೆ ನಿಂತಿತು.

ಫೋನ್ ಮಾಡಿದವರ ಹೆಸರನ್ನು ಅವರು ಹೇಳುವುದಿಲ್ಲ, ಹೇಳಲೂ ಇಲ್ಲ. ಆದರೆ ವಯಸ್ಸಿನ ದಾಖಲೆಗೆ ಅಧಿಕಾರಿಗಳು ಬರುವುದು ಸ್ಕೂಲಿಗೇ, ದಾಖಲಾತಿ ರಿಜಿಸ್ಟರಿನಲ್ಲಿ ಹುಟ್ಟಿದ ತಾರೀಖು ನೋಡಬೇಕಲ್ಲ. ಮೇಲಾಗಿ ಅವಳು ಹೇಳಿದ್ದು ನನ್ನೊಬ್ಬಳಿಗೇ ಅಲ್ವಾ? ಮೂರು ದಿನ ಬಿಟ್ಟು ಬಂದವಳು ಮೊದಲ ಬೆಂಚು ಬಿಟ್ಟು ಕೊನೆಯ ಬೆಂಚಿಗೆ ಹೋಗಿ ಕೂತಳು. ವರ್ಷ ಮುಗಿಯುವವರೆಗೂ ನನ್ನ ಮುಖ ನೋಡಿ ಮಾತಾಡಲಿಲ್ಲ.

ಫೋನ್ ಮಾಡಿದ್ದಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ. ಅವಳಿಗೆ ಹೇಳದೆ ಮಾಡಿದ್ದಕ್ಕೆ ಇದೆ.

ಲೈಂಗಿಕ ಕಿರುಕುಳದ ವಿಷಯವಾದರೆ ಇನ್ನೂ ಬಿಗಿ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲಾಗಬಹುದು. "ಸ್ಕೂಲಿನ ಹೆಸರು ಕೆಡುತ್ತೆ, ಮೊದಲು ನಾವೇ ವಿಚಾರಿಸೋಣ" ಅನ್ನುವವರು ಇರುತ್ತಾರೆ. ಅವರ ಮಾತು ಕೇಳಬೇಡಿ. ಹಾಗೇ ಸ್ಟಾಫ್ ರೂಮಿನಲ್ಲಿ ಆ ಮಗುವಿನ ಹೆಸರೂ ಎತ್ತಬೇಡಿ. ಚಹಾ ಕುಡಿಯುತ್ತಾ ಆಡಿದ ಮಾತು ಸಂಜೆಯೊಳಗೆ ಊರಿನ ಕಟ್ಟೆಗೆ ಬಂದಿರುತ್ತದೆ.

ಈಗ ಜೂನ್ ಮೊದಲ ವಾರದಲ್ಲೇ ಎಂಟನೇ ಕ್ಲಾಸಿನ ಬೋರ್ಡಿನ ಮೂಲೆಯಲ್ಲಿ 1098 ಅಂತ ಬರೆಯುತ್ತೇನೆ, ಅಳಿಸಲು ಬಿಡುವುದಿಲ್ಲ. ಮಕ್ಕಳಿಗೆ ನೇರವಾಗಿ ಹೇಳುತ್ತೇನೆ: ನೀವು ನನ್ನ ಹತ್ತಿರ ಏನು ಬೇಕಾದರೂ ಹೇಳಿ, ಬಯ್ಯುವುದಿಲ್ಲ, ಆಡಿಕೊಳ್ಳುವುದಿಲ್ಲ. ಆದರೆ ನಿಮಗೆ ಅಪಾಯ ಇದೆ ಅನ್ನಿಸಿದರೆ ಬೇರೆಯವರಿಗೆ ತಿಳಿಸಲೇಬೇಕು, ಕಾನೂನು ಹಾಗಿದೆ. ಯಾರಿಗೆ ತಿಳಿಸುತ್ತೇನೆ, ಆಮೇಲೆ ಮನೆಗೆ ಯಾರು ಬರಬಹುದು ಅನ್ನುವುದನ್ನು ಮೊದಲು ನಿಮಗೇ ಹೇಳುತ್ತೇನೆ.

ಹೋದ ವರ್ಷ ಒಬ್ಬ ಹುಡುಗ ಎದ್ದು ನಿಂತು ಕೇಳಿದ, "ಹಂಗಾದ್ರ ನಿಮ್ಮ ಮುಂದ ಯಾರು ಹೇಳ್ತಾರ್ರೀ ಮೇಡಂ?" ಉತ್ತರ ಹೊಳೆಯಲಿಲ್ಲ. ಇರಬಹುದಪ್ಪ ಅಂದೆ, ಪಾಠ ಶುರು ಮಾಡಿದೆ.

ದಸರಾ ರಜೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅದೇ ಕ್ಲಾಸಿನ ಹುಡುಗಿಯೊಬ್ಬಳು ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ.

"ಯಾರಿಗಾದ್ರೂ ಹೇಳೋಕಿಂತ ಮೊದ್ಲು ನನಗ ಹೇಳ್ತೀರಲ್ರೀ ಮೇಡಂ?"

ಹೂಂ ಅಂದೆ. ಆಮೇಲೆ ಒಳಗೆ ಬಂದು ಕೂತಳು.